ಬಾಸೆಲ್ ಮಿಶನ್ನಿನ ಆನ್‌ಲೈನ್ ಫೋಟೊ ಸಂಗ್ರಹ ಹೇಗಿದೆ?

ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ ಅಂದ್ರೆ ನಮಗೆ ನೆನಪಾಗುವುದು ಮಂಗಳೂರು ಹಂಚು, ಪ್ರೆಸ್ಸು, ಕಿಟೆಲ್ ನಿಘಂಟು, ಇಷ್ಟೇ. 1834ರಲ್ಲಿ ಮಂಗಳೂರಿಗೆ ಅದರ ಮೊದಲ ಮೂವರು ಮಿಶನರಿಗಳು ಬಂದ ಮೇಲೆ ಇಲ್ಲಿ ಎಷ್ಟೋ ಮಿಶನರಿಗಳು ಸಂಸಾರ ಹೂಡಿದರು. ಅವರ ಅಡುಗೆ, ಬಾಣಂತನ, ಮಕ್ಕಳ ಕಾಟ ಯಾರಿಗೆ ಗೊತ್ತು? ಅದನ್ನು ಸ್ವಲ್ಪವಾದರೂ ನೋಡಬೇಕು ಅಂತಿದ್ದರೆ ಬಿಎಂ ಆರ್ಕೈವ್ಸ್ (ಬಾಸೆಲ್ ಮಿಶನ್ ದಾಖಲೆ ಸಂಗ್ರಹ) ವೆಬ್‌ಸೈಟ್‌ಗೆ ಹೋಗಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಆ ಮಿಶನ್ನಿನ ಕೆಲಸ ಮುಂದುವರಿಸುತ್ತಿರುವ ಮಿಶನ್ 21 ಸಂಸ್ಥೆ ಇಟ್ಟುಕೊಂಡಿರುವ ಹಳೆಯ ಫೋಟೊ, ನಕ್ಷೆ, ಕಾಗದಪತ್ರಗಳ ಪಟ್ಟಿ ಎಲ್ಲ ಅಲ್ಲಿದೆ. ನೋಡೋಕೆ ದುಡ್ಡು ಕೊಡಬೇಕಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಮನೆಯ ಜಗಲಿಯಲ್ಲಿ ತೆಗೆದ ಫೋಟೊಗಳು. ಗಡ್ಡದ ಯಜಮಾನರು, ನಮ್ಮ ಕರಾವಳಿ ಸೆಕೆಯಲ್ಲೂ ಕುತ್ತಿಗೆವರೆಗೆ ಗುಂಡಿ ಹಾಕಿಕೊಂಡು ಉದ್ದ ತೋಳಿನ ಗೌನ್ ತೊಟ್ಟ ಹೆಂಡತಿ, ಬಿಳಿ ಫ್ರಾಕಿನ ಮಕ್ಕಳು, ಪಕ್ಕದಲ್ಲಿ ಕೂಸನ್ನು ಎತ್ತಿಕೊಂಡು ನಿಂತ ಆಯಾ. ದೊಡ್ಡದು ಮಾಡಿ ನೋಡಿ. ಎಲ್ಲರೂ ಕ್ಯಾಮೆರಾ ಕಡೆಗೇ ದುರುಗುಟ್ಟಿ ನೋಡುತ್ತಿರುವಾಗ ಕೂಸು ಮಾತ್ರ ಆಯಾಳ ಸೆರಗು ಹಿಡಿದುಕೊಂಡು ಅತ್ತ ತಿರುಗಿರುತ್ತದೆ. ಯಜಮಾನರ ಹೆಸರು ಕೆಳಗೆ ಇರುತ್ತದೆ, ಹೆಂಡತಿ ಎಷ್ಟೋ ಕಡೆ ಬರೀ 'ಶ್ರೀಮತಿ ಇಂಥವರು', ಆಯಾಗೆ ಹೆಸರೇ ಇಲ್ಲ. ಇದಕ್ಕೆ ವೆಬ್‌ಸೈಟಿನವರನ್ನು ಬೈದು ಪ್ರಯೋಜನವಿಲ್ಲ, ಅವತ್ತು ಬರೆದಿಡಲಿಲ್ಲ ಅಷ್ಟೆ.

ಆದರೆ ಫೋಟೊ ಮಾತ್ರ ನೋಡಿದರೆ ಮೋಸ ಹೋಗ್ತೀರಿ. ಎಲ್ಲರೂ ಎಷ್ಟು ನೆಮ್ಮದಿಯಾಗಿದ್ದಾರೆ ಅನ್ನಿಸುತ್ತದೆ! ಆದರೆ ಆಗಿನ ನಿಯಮ ನೋಡಿ: ಮಿಶನರಿ ಹುಡುಗರು ಬ್ರಹ್ಮಚಾರಿಗಳಾಗಿ ಬರಬೇಕು, ಒಂದೆರಡು ವರ್ಷ ದುಡಿದ ಮೇಲೆ ಮದುವೆಗೆ ಬಾಸೆಲ್‌ನ ಕಮಿಟಿಯನ್ನು ಕೇಳಬೇಕು, ಕಮಿಟಿ ಒಪ್ಪಿದ ಹುಡುಗಿ ಹಡಗು ಹತ್ತಿ ಬರಬೇಕು. ಎಷ್ಟೋ ಹೆಣ್ಣುಮಕ್ಕಳು ಗಂಡನ ಮುಖ ಸರಿಯಾಗಿ ನೋಡಿದ್ದೇ ಇಲ್ಲಿಗೆ ಬಂದ ಮೇಲೆ. (ನಮ್ಮ ಅಜ್ಜಿಯಂದಿರ ಕಥೆಯೂ ಇದೇ ಅಲ್ವಾ, ಹಡಗು ಒಂದು ಇರಲಿಲ್ಲ.) ಬಂದವರಿಗೆ ಮನೆಗೆಲಸದ ಜೊತೆಗೆ ಹೆಣ್ಣುಮಕ್ಕಳ ಶಾಲೆ ನಡೆಸುವ, ಹೊಲಿಗೆ ಕಲಿಸುವ ಕೆಲಸ. ಸಂಬಳ ಮಾತ್ರ ಗಂಡನಿಗೆ. ಎಲ್ಲರೂ ಹೆಚ್ಚು ಕಾಲ ಬಾಳಲೂ ಇಲ್ಲ: ನಿಘಂಟಿನ ಕಿಟೆಲ್ ಅವರ ಮೊದಲ ಹೆಂಡತಿ ಪೌಲೀನ್ ಮದುವೆಯಾಗಿ ಕೆಲವೇ ವರ್ಷಗಳಲ್ಲಿ ತೀರಿಕೊಂಡರು, ಆಮೇಲೆ ಅವರು ಮದುವೆಯಾಗಿದ್ದು ಪೌಲೀನರ ಸೋದರಿ ಜೂಲಿಯನ್ನು.

ಮಕ್ಕಳ ವಿಷಯ ಇನ್ನೂ ಕಷ್ಟ. ಓದುವ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸುವುದು ರೂಢಿ, ಬಾಸೆಲ್‌ನಲ್ಲಿ ಅವರಿಗೆಂದೇ ಹಾಸ್ಟೆಲ್ ಇತ್ತು. ಕೇರಳದ ತಲಶ್ಶೇರಿಯಲ್ಲಿದ್ದ ಮಿಶನರಿ ಗುಂಡರ್ಟ್ ದಂಪತಿಗಳ ಮಗಳು ಮರೀ 1842ರಲ್ಲಿ ಹುಟ್ಟಿದ್ದು. ಪುಟ್ಟ ಹುಡುಗಿಯಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ ಅಮ್ಮ ವಾಪಸ್ ಬಂದರು. ಅವಳು ಮತ್ತೆ ಅವರ ಹತ್ತಿರ ಬಂದು ಸೇರಿದ್ದು ಹದಿಹರೆಯಕ್ಕೆ ಬಂದ ಮೇಲೆ. ಈ ಮರೀಯೇ ಮುಂದೆ ಲೇಖಕ ಹರ್ಮನ್ ಹೆಸ್ಸೆಯ ತಾಯಿ. ಇದನ್ನು ತಿಳಿದುಕೊಂಡು ಅದೇ ಜಗಲಿ ಫೋಟೊಗಳಿಗೆ ವಾಪಸ್ ಹೋಗಿ, ಚಿಕ್ಕವರು ಮಾತ್ರ ಯಾಕೆ ಇದ್ದಾರೆ, ದೊಡ್ಡ ಮಕ್ಕಳು ಎಲ್ಲಿ ಅಂತ ನೀವೇ ಹುಡುಕೋಕೆ ಶುರು ಮಾಡ್ತೀರಿ.

ಬಳಸೋದು ಕಷ್ಟವೇನಲ್ಲ, ತಾಳ್ಮೆ ಬೇಕು. ಇಂಗ್ಲಿಷಿನಲ್ಲಿ ಹುಡುಕಿ, ಊರಿನ ಹಳೆಯ ಹೆಸರನ್ನೂ ಹಾಕಿ ನೋಡಿ, ಮಡಿಕೇರಿಗೆ ಮರ್ಕಾರಾ (Mercara), ಧಾರವಾಡಕ್ಕೆ ಧಾರ್ವಾರ್ (Dharwar) ಅಂತ. ಎಷ್ಟೋ ಫೋಟೊಗಳಿಗೆ ತಾರೀಖಿನ ಬದಲು ಇಂಥ ವರ್ಷದಿಂದ ಇಂಥ ವರ್ಷದೊಳಗೆ ಅಂತ ಮಾತ್ರ ಇರುತ್ತದೆ. ಕಾಗದಗಳು ಹೆಚ್ಚಾಗಿ ಹಳೆಯ ಜರ್ಮನ್ ಕೈಬರಹದಲ್ಲಿವೆ, ಜರ್ಮನ್ ಬಂದವರಿಗೂ ಓದೋದು ಸುಲಭ ಅಲ್ಲ. ಕನ್ನಡದಲ್ಲಿ ಒಂದು ಪುಟವಾದರೂ ಇದ್ದಿದ್ದರೆ ಅನ್ನಿಸಿತು, ಅದಕ್ಕೇ ನಾನು ಕೊಡುವ ಅಂಕ ಐದಕ್ಕೆ ನಾಲ್ಕು. ಫೋಟೊ ಪುಸ್ತಕದಲ್ಲಿ ಹಾಕೋದಿದ್ದರೆ ಮೊದಲು ಬಳಕೆಯ ನಿಯಮ ಓದಿಕೊಳ್ಳಿ. ಮಂಗಳೂರಿನವರಾದರೆ ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲೂ ಮಿಶನ್ನಿನ ಹಳೆಯ ದಾಖಲೆಗಳಿವೆ, ಹೋಗುವ ಮೊದಲು ಫೋನ್ ಮಾಡಿ ಕೇಳಿ.