ಟ್ರಾವೆಲ್ ಇ-ಸಿಮ್: ಮುಂಬೈಯಿಂದ ಹೊರಡುವವರಿಗಾಗಿ ದೀರ್ಘಬಳಕೆಯ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಎರಡು ವಾರದೊಳಗಿನ ವಿದೇಶ ಪ್ರವಾಸಕ್ಕೆ ಟ್ರಾವೆಲ್ ಇ-ಸಿಮ್ (ಪ್ಲಾಸ್ಟಿಕ್ ಸಿಮ್ ಬದಲು ಫೋನಿನೊಳಗೇ ಇನ್‌ಸ್ಟಾಲ್ ಆಗುವ, ಪ್ರವಾಸಕ್ಕೆಂದೇ ಕೊಳ್ಳುವ ಸಿಮ್) ಒಳ್ಳೆಯದು, ಅಗ್ಗವೂ ಹೌದು. ಆದರೆ ಅದೊಂದೇ ಸಾಲದು. ಬ್ಯಾಂಕಿಗೆ ಕೊಟ್ಟಿರುವ ನಮ್ಮ ಊರಿನ ನಂಬರ್ ಅದೇ ಫೋನಿನಲ್ಲಿ, ಡೇಟಾ ಇಲ್ಲದೆ, ಓಟಿಪಿ ಬರುವಷ್ಟರ ಮಟ್ಟಿಗೆ ಬದುಕಿರಬೇಕು. ಬಿಲ್ ಉಬ್ಬುವುದೂ ಇಳಿಯುವುದೂ ಈ ಎರಡು ಸಿಮ್‌ಗಳನ್ನು ಹೇಗೆ ಜೋಡಿಸುತ್ತೀರಿ ಎಂಬುದರ ಮೇಲೆ. ಇ-ಸಿಮ್ ಯಾವ ಕಂಪನಿಯದು ಎಂಬುದು ಆಮೇಲಿನ ಮಾತು.

ಫೋನ್ ಇ-ಸಿಮ್ ಹಿಡಿಯುತ್ತದೆಯೇ ಎಂದು ನೋಡಲು *#06# ಒತ್ತಿ. ಫೋನಿನ ಗುರುತು ಸಂಖ್ಯೆಯಾದ ಐಎಂಇಐ ಜೊತೆಗೆ, ಇ-ಸಿಮ್‌ನ ಗುರುತಾದ 32 ಅಂಕಿಯ ಇಐಡಿ ಕಾಣಿಸಿದರೆ ಸರಿ. ಐಫೋನ್‌ಗಳಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್‌ನಿಂದ ಈಚೆಗೆ ಇದೆ. ಚೀನಾಕ್ಕೆಂದೇ ತಯಾರಾದ ಎರಡು ಸಿಮ್ ಟ್ರೇಯ ಐಫೋನ್‌ಗಳಲ್ಲಿ ಇಲ್ಲ. ಅಮೆರಿಕದಲ್ಲಿ ಮಾರಾಟವಾಗುವ ಐಫೋನ್ 14 ಮತ್ತು ಆನಂತರದವುಗಳದ್ದು ಇನ್ನೊಂದು ಕಥೆ: ಅವುಗಳಲ್ಲಿ ಸಿಮ್ ಟ್ರೇಯೇ ಇಲ್ಲ. ಮಗ ಅಲ್ಲಿಂದ ತಂದುಕೊಟ್ಟ ಫೋನಿಗೆ ಭಾರತದ ನಂಬರನ್ನೂ ಇ-ಸಿಮ್ ಆಗಿಯೇ ಹಾಕಬೇಕು. ಮನೀಷ್ ಮಾರ್ಕೆಟ್ ಕಡೆ ಅಗ್ಗಕ್ಕೆ ಸಿಕ್ಕ ವಿದೇಶಿ ಫೋನಾದರೆ ಅಲ್ಲಿನ ಕಂಪನಿಗೆ ಲಾಕ್ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಲಾಕ್ ಇದ್ದರೆ ಬೇರೆ ಕಂಪನಿಯ ಯಾವ ಸಿಮ್ಮೂ ನಡೆಯದು.

ಭಾರತದ ಸಿಮ್ ಅನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಅಣಿ ಮಾಡಿ. ಆ ನಂಬರಿನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ (ಹೊರದೇಶದ ಕಂಪನಿಯ ಜಾಲದಲ್ಲಿ ನಮ್ಮ ಸಿಮ್ ನಡೆಯುವ ವ್ಯವಸ್ಥೆ) ಚಾಲೂ ಇಲ್ಲದಿದ್ದರೆ ಅಲ್ಲಿ ಸಿಗ್ನಲ್ಲೇ ಬರುವುದಿಲ್ಲ, ಓಟಿಪಿಯ ಮಾತು ದೂರ ಉಳಿಯಿತು. ಹೊರದೇಶದಲ್ಲಿ ಒಳಬರುವ ಎಸ್‌ಎಂಎಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ದುಡ್ಡು ಹಿಡಿಯುವುದಿಲ್ಲ. ಹಾಗಾಗಿ ಓಟಿಪಿಗಾಗಿಯೇ ದೊಡ್ಡ ರೋಮಿಂಗ್ ಪ್ಯಾಕ್ ಹಾಕಿಸುವುದು ದಂಡ. ಆದರೆ ಪ್ಯಾಕ್ ಇಲ್ಲದಾಗ ಬಂದ ಕರೆ ಎತ್ತಿದರೂ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಎತ್ತಬೇಡಿ, ವಾಟ್ಸ್ಆ್ಯಪ್‌ನಲ್ಲಿ ತಿರುಗಿ ಕರೆಯಿರಿ.

ಬ್ಯಾಂಕಿಗೆ ಇನ್ನೂ ಸರ್ಕಾರಿ ಕಂಪನಿಯ ಹಳೆಯ ಎಂಟಿಎನ್‌ಎಲ್ ನಂಬರನ್ನೇ ಕೊಟ್ಟಿರುವವರು ಮುಂಬೈಯಲ್ಲಿ ಕಡಿಮೆಯಿಲ್ಲ. ಅದರಲ್ಲಿ ರೋಮಿಂಗ್ ಸಿಗುತ್ತದೆಯೇ ಎಂದು ಈಗಲೇ ಕೇಳಿ, ಇಲ್ಲವೆಂದರೆ ಅದೇ ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ. ಸಿಮ್ ಬದಲಾಯಿಸಿದ ಮೇಲೆ 7 ದಿನ ಪೋರ್ಟ್ ಮಾಡುವಂತಿಲ್ಲ ಎಂಬುದು 2024ರ ಜುಲೈಯಿಂದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮ. ಅದೇ ನಂಬರಿಗೆ ಹೊಸ ಸಿಮ್ ಪಡೆದಾಗ, ಪ್ಲಾಸ್ಟಿಕ್ ಸಿಮ್ ಅನ್ನು ಇ-ಸಿಮ್ ಮಾಡಿಸಿಕೊಂಡಾಗಲೂ, ಮೊದಲ 24 ಗಂಟೆ ಎಸ್‌ಎಂಎಸ್ ನಿಲ್ಲುತ್ತದೆ. ಇಂಥ ಕೆಲಸವನ್ನು ವಿಮಾನ ಹತ್ತುವ ಹಿಂದಿನ ದಿನಕ್ಕೆ ಇಟ್ಟುಕೊಂಡರೆ ಮೊದಲ ಹೋಟೆಲಿನಲ್ಲೇ ಕಾರ್ಡ್ ಕೈಕೊಡುತ್ತದೆ.

ಪ್ರೀಪೇಯ್ಡ್ ವ್ಯಾಲಿಡಿಟಿ ವಾಪಸ್ ಬರುವ ದಿನ ದಾಟಿಯೂ ಇರಲಿ. ಮಧ್ಯದಲ್ಲಿ ಮುಗಿದರೆ ಓಟಿಪಿ ಬರುವುದಿಲ್ಲ, ಓಟಿಪಿ ಇಲ್ಲದೆ ಕಾರ್ಡಿನಿಂದ ರೀಚಾರ್ಜ್ ಆಗುವುದಿಲ್ಲ. ಆಗ ಡೊಂಬಿವಲಿಯಲ್ಲೋ ಪುಣೆಯಲ್ಲೋ ಇರುವ ತಮ್ಮನಿಗೆ ಮೆಸೇಜ್ ಮಾಡಿ, ಅವನ ಯುಪಿಐಯಿಂದ ರೀಚಾರ್ಜ್ ಮಾಡಿಸಬೇಕು. ತಿಂಗಳುಗಟ್ಟಲೆ ಹೊರಗಿರುವವರಿಗೆ ಟ್ರಾಯ್ ಆದೇಶದ ಮೇಲೆ 2025ರ ಆರಂಭದಲ್ಲಿ ಬಂದ, ಡೇಟಾ ಇಲ್ಲದ, ಕರೆ-ಎಸ್‌ಎಂಎಸ್ ಮಾತ್ರದ ದೀರ್ಘಾವಧಿ ಪ್ಯಾಕ್ ಹೇಳಿ ಮಾಡಿಸಿದಂತಿದೆ.

ಇನ್ನು ಕೊಳ್ಳುವುದು. ವಿದೇಶಿ ಸಿಮ್ ಅನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅದಿಲ್ಲವೆಂದು 2024ರ ಜನವರಿಯಲ್ಲಿ ಟ್ರಾವೆಲ್ ಇ-ಸಿಮ್ ಮಾರುವ ಏರಾಲೋ, ಹೊಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಸ್ಟೋರ್‌ಗಳಿಂದ ತೆಗೆದರು. ಅನುಮತಿ ಇರುವ ಮಾರಾಟಗಾರರು ಪಾಸ್‌ಪೋರ್ಟ್, ವೀಸಾ ಅಥವಾ ಟಿಕೆಟ್ ಪ್ರತಿ ಕೇಳುತ್ತಾರೆ, ಕೊಡಿ. 1 ಜಿಬಿ, 7 ದಿನದ ಪ್ಯಾಕ್ ಸಾಮಾನ್ಯವಾಗಿ 4-5 ಡಾಲರ್ ಆಸುಪಾಸು, ದೊಡ್ಡ ಪ್ಯಾಕ್ ಕೊಂಡಷ್ಟೂ ಜಿಬಿ ದರ ಇಳಿಯುತ್ತದೆ. ಡಾಲರಿನಲ್ಲಿ ಕೊಟ್ಟರೆ ಹೆಚ್ಚಿನ ಕ್ರೆಡಿಟ್ ಕಾರ್ಡ್‌ಗಳು ಶೇ 3.5 ಮಾರ್ಕಪ್ (ವಿದೇಶಿ ಹಣದಲ್ಲಿ ಕೊಟ್ಟದ್ದಕ್ಕೆ ಹೆಚ್ಚುವರಿ ಶುಲ್ಕ), ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿಸುತ್ತವೆ. 20 ಡಾಲರ್ ಪ್ಯಾಕ್ 20.83 ಆಗುತ್ತದೆ. ರೂಪಾಯಿಯಲ್ಲೇ ಬಿಲ್ ಮಾಡುವವರ ದರದ ಜೊತೆ ಇದನ್ನು ಹೋಲಿಸಿ ನೋಡಿ.

ಇನ್‌ಸ್ಟಾಲ್ ಮಾಡಬೇಕಾದದ್ದು ಮನೆಯ ವೈಫೈನಲ್ಲಿ, ನಿಧಾನವಾಗಿ ಕೂತು. ಮುಂಬೈ ವಿಮಾನ ನಿಲ್ದಾಣದ ಟಿ2ನ ಗೇಟಿನಲ್ಲಿ ಬೇಡ. ಕ್ಯೂಆರ್ ಕೋಡ್ ಅದೇ ಫೋನಿನ ಇಮೇಲ್‌ಗೆ ಬಂದಿರುತ್ತದೆ, ಸ್ಕ್ಯಾನ್ ಮಾಡಲು ಎಷ್ಟೋ ಫೋನ್‌ಗಳಲ್ಲಿ ಇನ್ನೊಂದು ಪರದೆ ಬೇಕು. ಮನೆಯವರ ಫೋನಿಗೆ ಕಳಿಸಿ, ಇಲ್ಲವೇ ಪ್ರಿಂಟ್ ತೆಗೆದಿಡಿ. ಆ ಕೋಡ್ ಹೆಚ್ಚಿನ ಕಡೆ ಒಂದೇ ಸಲ ನಡೆಯುತ್ತದೆ, ಹಾಕಿದ ಪ್ರೊಫೈಲ್ (ಫೋನಿನಲ್ಲಿ ಕೂತ ಆ ಇ-ಸಿಮ್) ಅಳಿಸಿದರೆ ಹೋಯಿತು. ಇನ್‌ಸ್ಟಾಲ್ ಆದ ಕೂಡಲೇ ಅದಕ್ಕೆ ‘ಪ್ರವಾಸ’ ಎಂದೇನಾದರೂ ಹೆಸರು ಕೊಡಿ, ಹೊರಡುವವರೆಗೆ ಆಫ್ ಮಾಡಿಡಿ. ದಿನ ಎಣಿಸುವುದು ಇನ್‌ಸ್ಟಾಲ್ ಆದಾಗಿನಿಂದಲೋ ಅಲ್ಲಿನ ಟವರ್ ಹಿಡಿದಾಗಿನಿಂದಲೋ ಎಂಬುದನ್ನು ಪ್ಯಾಕಿನ ಷರತ್ತಿನಲ್ಲಿ ಓದಲೇಬೇಕು.

ಅಲ್ಲಿ ಇಳಿದ ಮೇಲೆ ಮೊಬೈಲ್ ಡೇಟಾಕ್ಕೆ ಇ-ಸಿಮ್ ಆರಿಸಿ, ಅದರಲ್ಲಿ ಡೇಟಾ ರೋಮಿಂಗ್ ಆನ್ ಮಾಡಿ. ಭಾರತದ ಸಿಮ್‌ನಲ್ಲಿ ಡೇಟಾ ರೋಮಿಂಗ್ ಆಫ್. ಗೊಂದಲವಾಗುವುದು ಇಲ್ಲೇ. ರೋಮಿಂಗ್ ಎಂದರೆ ಭಯಪಟ್ಟು ಎರಡರಲ್ಲೂ ಆಫ್ ಮಾಡಿಟ್ಟು, ನೆಟ್ ಬರುತ್ತಿಲ್ಲ ಎಂದು ದೂರುವವರು ಬಹಳ. ಟ್ರಾವೆಲ್ ಇ-ಸಿಮ್ ಬೇರೊಂದು ದೇಶದ ಕಂಪನಿಯ ಸಿಮ್ ಆಗಿರುವುದೇ ಹೆಚ್ಚು, ಹಾಗಾಗಿ ಅಲ್ಲಿ ಅದೂ ರೋಮಿಂಗ್‌ನಲ್ಲೇ ನಡೆಯಬೇಕು. ಇನ್ನೊಂದು ಸ್ವಿಚ್ ಇದಕ್ಕಿಂತ ಕಳ್ಳ. ಐಫೋನಿನಲ್ಲಿ ‘ಅಲೋ ಸೆಲ್ಯುಲಾರ್ ಡೇಟಾ ಸ್ವಿಚಿಂಗ್’, ಆಂಡ್ರಾಯ್ಡಿನಲ್ಲಿ ‘ಆಟೋ ಡೇಟಾ ಸ್ವಿಚಿಂಗ್’ ಎಂಬ ಹೆಸರಲ್ಲಿ ಇರುತ್ತದೆ. ಇ-ಸಿಮ್ ಸಿಗ್ನಲ್ ಬಿದ್ದಾಗ, ಕರೆಯ ನಡುವೆ, ಅದು ಸದ್ದಿಲ್ಲದೆ ಭಾರತದ ಸಿಮ್‌ನ ಡೇಟಾಕ್ಕೆ ಹೊರಳಬಲ್ಲದು. ಆಫ್ ಇರಲಿ. ಐಫೋನಿನ ಐಮೆಸೇಜ್, ಫೇಸ್‌ಟೈಮ್ ಮತ್ತೆ ಚಾಲೂ ಆಗುವಾಗ ತಾವಾಗಿ ವಿದೇಶಿ ನಂಬರಿಗೆ ಒಂದು ಎಸ್‌ಎಂಎಸ್ ಕಳಿಸುತ್ತವೆ, ಬ್ಯಾಲೆನ್ಸ್‌ನಲ್ಲಿ ಕಾರಣ ತಿಳಿಯದ ಸಣ್ಣ ತೂತಿಗೆ ಅದೊಂದು ಕಾರಣ. ಯುಪಿಐ ಆ್ಯಪ್ ಅಳಿಸಿ ಮತ್ತೆ ಹಾಕಬೇಡಿ: ಅದಕ್ಕೂ ಭಾರತದ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು.

ಟವರ್ ಕಂಡರೂ ನೆಟ್ ಇಲ್ಲವೇ? ಹೆಚ್ಚಿನ ಸಲ ಎಪಿಎನ್ (ಡೇಟಾ ಜಾಲಕ್ಕೆ ಸೇರಲು ಫೋನಿನಲ್ಲಿ ಹಾಕುವ ವಿಳಾಸ) ಖಾಲಿ ಇರುತ್ತದೆ ಅಥವಾ ತಪ್ಪಿರುತ್ತದೆ. ಮಾರಿದವರ ಇಮೇಲ್‌ನಲ್ಲಿರುವ ಎಪಿಎನ್ ಅನ್ನು ಅಕ್ಷರಶಃ ಟೈಪ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ ನೆಟ್‌ವರ್ಕ್ ಅನ್ನು ಆಟೋಮ್ಯಾಟಿಕ್‌ನಿಂದ ತೆಗೆದು, ಪಟ್ಟಿಯಲ್ಲಿರುವ ಕಂಪನಿಗಳನ್ನು ಒಂದೊಂದಾಗಿ ಆರಿಸಿ ನೋಡಿ. ವೇಗ ಕುಂಟುವುದಕ್ಕೆ ಕಾರಣ ಬೇರೆ. ಡೇಟಾ ನೇರ ಹೋಗದೆ ಸಿಂಗಾಪುರವೋ ಹಾಂಗ್‌ಕಾಂಗೋ ಸುತ್ತಿ ಬರುತ್ತದೆ. ಪ್ಯಾರಿಸ್‌ನಲ್ಲಿ ಕೂತಾಗ ಗೂಗಲ್ ಚೀನೀ ಲಿಪಿ ತೋರಿಸುವುದು ಇದರಿಂದಲೇ. ಇದೇ ಸುತ್ತುದಾರಿ ಚೀನಾದಲ್ಲಿ ವರವಾಗುತ್ತದೆ: ಅಲ್ಲಿನ ಲೋಕಲ್ ಸಿಮ್‌ನಲ್ಲಿ ವಾಟ್ಸ್ಆ್ಯಪ್, ಗೂಗಲ್ ತೆರೆಯವು, ರೋಮಿಂಗ್ ಸಿಮ್‌ನಲ್ಲಿ ತೆರೆಯುತ್ತವೆ. ದುಬೈಗೆ ಓಡಾಡುವ ನಮ್ಮ ಹೋಟೆಲ್ ಉದ್ಯಮದವರಿಗೂ ಲಾಭ ಇದರಲ್ಲೇ. ಯುಎಇಯ ಲೋಕಲ್ ಸಿಮ್‌ನಲ್ಲಿ ವಾಟ್ಸ್ಆ್ಯಪ್ ಕರೆಗೆ ತಡೆ ಇದೆ, ಹೊರಗಿನ ಇ-ಸಿಮ್‌ನಲ್ಲಿ ಸಾಮಾನ್ಯವಾಗಿ ಸಾಗುತ್ತದೆ.

‘ಅನ್‌ಲಿಮಿಟೆಡ್’ ಎಂದು ಬರೆದದ್ದನ್ನು ನಂಬಬೇಡಿ. ದಿನಕ್ಕೆ 1 ಅಥವಾ 2 ಜಿಬಿ ದಾಟಿದ ಮೇಲೆ ಮ್ಯಾಪ್ ಕೂಡ ತೆವಳುವಷ್ಟು ವೇಗ ಇಳಿಸುವ ಪ್ಯಾಕ್‌ಗಳೇ ಅವುಗಳಲ್ಲಿ ಹೆಚ್ಚು, ಕೆಲವಲ್ಲಿ ಹಾಟ್‌ಸ್ಪಾಟ್ ಕೂಡ ನಡೆಯದು. ಇಷ್ಟು ಜಿಬಿ ಎಂದು ಅಳೆದು ಕೊಡುವ ಪ್ಯಾಕ್ ವಾಸಿ. ವಾಟ್ಸ್ಆ್ಯಪ್ ಮಾತುಕತೆಗೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ, ವಿಡಿಯೋ ಕರೆಗೆ ಸುಮಾರು 5 ಎಂಬಿ ಖರ್ಚು. ಊರಿನ ಮ್ಯಾಪ್ ಅನ್ನು ಹೋಟೆಲ್ ವೈಫೈನಲ್ಲಿ ಇಳಿಸಿಕೊಂಡರೆ ದಾರಿ ಹುಡುಕಲು ಹೆಚ್ಚುಕಡಿಮೆ ಏನೂ ಬೇಡ. ಪ್ಯಾಕ್ ನುಂಗುವುದು ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್, ರೀಲ್ಸ್, ಮತ್ತೆ ಫ್ಯಾಮಿಲಿ ಗ್ರೂಪಿನ ಗುಡ್‌ಮಾರ್ನಿಂಗ್ ವಿಡಿಯೋಗಳು. ಆಂಡ್ರಾಯ್ಡಿನಲ್ಲಿ ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ‘ರೋಮಿಂಗ್‌ನಲ್ಲಿ’ ಎಂಬ ಸಾಲಿನ ಎಲ್ಲ ಟಿಕ್ ತೆಗೆದರೆ ಕೊನೆಯದರಿಂದ ಮುಕ್ತಿ.

ಯುರೋಪ್ ಪ್ಯಾಕ್ ಕೊಳ್ಳುವಾಗ ದೇಶಗಳ ಪಟ್ಟಿ ನೋಡಿ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದೊಳಗೆ ರೋಮಿಂಗ್ ಶುಲ್ಕವಿಲ್ಲ ಎಂಬ ನಿಯಮ ಅಲ್ಲಿನ ಸಿಮ್‌ಗಳಿಗೆ, ಭಾರತದ ಸಿಮ್‌ಗಲ್ಲ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಬ್ರಿಟನ್ ಹೊರಬಂದಿದೆ. ಪ್ಯಾರಿಸ್‌ನಲ್ಲಿ ಕೊಂಡ ಸಿಮ್ ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್ ಹತ್ತುವ ದಿನ ಸ್ತಬ್ಧವಾದರೆ ಆಶ್ಚರ್ಯವಿಲ್ಲ.

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಉಳಿಯುವ ಅಪ್ಪ-ಅಮ್ಮನಿಗೆ ಮಾತ್ರ ಟ್ರಾವೆಲ್ ಇ-ಸಿಮ್ ಬೇಡವೇ ಬೇಡ. ಹೆಚ್ಚಿನವು ಡೇಟಾ ಮಾತ್ರ ಕೊಡುತ್ತವೆ, ಅಲ್ಲಿನ ನಂಬರ್ ಇರುವುದಿಲ್ಲ. ಡಾಕ್ಟರ್ ಕ್ಲಿನಿಕ್‌ನಿಂದ ಬರುವ ಕರೆಗೆ ಆ ನಂಬರ್ ಬೇಕು. ಮಗಳ ಫ್ಯಾಮಿಲಿ ಪ್ಲಾನಿಗೆ ಸೇರಿಸುವುದು ಸಾಮಾನ್ಯವಾಗಿ ಅಗ್ಗ, ಅದಾಗದಿದ್ದರೆ ಟಿ-ಮೊಬೈಲ್ ಜಾಲದ ಮಿಂಟ್‌ನಂಥ ಪ್ರೀಪೇಯ್ಡ್. ಅಲ್ಲಿ 3ಜಿ 2022ರಲ್ಲೇ ಮುಚ್ಚಿತು, ಆದ್ದರಿಂದ ಕರೆಗೆ ವೋಲ್ಟಿ (4ಜಿ ಜಾಲದಲ್ಲೇ ಕರೆ ಸಾಗಿಸುವ ವ್ಯವಸ್ಥೆ) ನಡೆಯಲೇಬೇಕು. ಎಟಿ ಆ್ಯಂಡ್ ಟಿ ತನ್ನ ಪಟ್ಟಿಯಲ್ಲಿಲ್ಲದ ಫೋನಿಗೆ ಕರೆ ಸೌಲಭ್ಯ ಕೊಡುವುದಿಲ್ಲ. ಭಾರತಕ್ಕೆಂದು ತಯಾರಾದ ಎಷ್ಟೋ ಅಗ್ಗದ ಫೋನ್‌ಗಳಲ್ಲಿ ಅಲ್ಲಿ ಬೇಕಾಗುವ 12, 13, 71ನೇ ತರಂಗಾಂತರ ಬ್ಯಾಂಡ್‌ಗಳಿಲ್ಲ, ಹಾಗಾಗಿ ಮನೆಯೊಳಗೆ ಹೋದ ಕೂಡಲೇ ಸಿಗ್ನಲ್ ಮಾಯ. ಇದು ಸಿಮ್‌ನ ದೋಷವಲ್ಲ. ಆಸ್ಟ್ರೇಲಿಯದಲ್ಲಿ ಇನ್ನೂ ಬಿಗಿ: 2024ರ ಅಕ್ಟೋಬರ್‌ನಲ್ಲಿ 3ಜಿ ಮುಚ್ಚಿದ ಮೇಲೆ, ತುರ್ತು ಸಂಖ್ಯೆ 000ಕ್ಕೆ ವೋಲ್ಟಿಯಲ್ಲಿ ಕರೆ ಮಾಡಲಾಗದ ಫೋನನ್ನು ಅಲ್ಲಿನ ಕಂಪನಿಗಳು ಜಾಲಕ್ಕೇ ಸೇರಿಸುವುದಿಲ್ಲ.

ಎಷ್ಟೋ ವಿಮಾನ, ಕ್ರೂಸ್ ಹಡಗುಗಳಲ್ಲಿ ಉಪಗ್ರಹದ ಮೂಲಕ ಬರುವ ಸ್ವಂತ ಮೊಬೈಲ್ ಜಾಲವಿರುತ್ತದೆ. ಅದಕ್ಕೆ ಮಾಮೂಲಿ ರೋಮಿಂಗ್ ಪ್ಯಾಕ್ ಲಾಗುವಾಗದು, ಹೆಚ್ಚಿನ ಟ್ರಾವೆಲ್ ಇ-ಸಿಮ್ ಹಿಡಿಯದು, ಭಾರತದ ಸಿಮ್ ಮಾತ್ರ ಹೋಗಿ ಅಂಟಿಕೊಳ್ಳಬಹುದು. ನೆಲ ಬಿಟ್ಟ ಕೂಡಲೇ ಫ್ಲೈಟ್ ಮೋಡ್, ವೈಫೈ ಬೇಕಿದ್ದರೆ ಅದನ್ನಷ್ಟೇ ಆನ್ ಮಾಡಿಕೊಳ್ಳಿ.

ಉಳಿದ ಡೇಟಾಕ್ಕೆ ದುಡ್ಡು ವಾಪಸ್ ಬರುವುದಿಲ್ಲ. ಅದೇ ಪ್ರೊಫೈಲಿಗೆ ಮುಂದಿನ ಸಲ ಟಾಪ್-ಅಪ್ ಮಾಡಲು ಬಿಡುವ ಕಂಪನಿಯಾದರೆ ಇ-ಸಿಮ್ ಅಳಿಸದೆ ಆಫ್ ಮಾಡಿಡಿ. ಟಾಪ್-ಅಪ್ ಇಲ್ಲದ್ದಾದರೆ ಅಳಿಸಬಹುದು. ಅಳಿಸುವಾಗ ಹೆಸರು ಎರಡು ಸಲ ಓದಿ, ಪಕ್ಕದ ಸಾಲಿನಲ್ಲೇ ಭಾರತದ ಇ-ಸಿಮ್ ಇರುತ್ತದೆ.