ಮೂರು ನೇರಳೆ, ಒಂದೇ ಗುಲಾಬಿ: ಅಡ್ವೆಂಟ್ ಕ್ಯಾಂಡಲ್ ಸೆಟ್ ತರಿಸಿದ ಕಥೆ

ಕಳೆದ ನವೆಂಬರ್‌ನಲ್ಲಿ ಆನ್‌ಲೈನ್‌ನಲ್ಲಿ 549 ರೂಪಾಯಿ ಕೊಟ್ಟು ಅಡ್ವೆಂಟ್ (ಕ್ರಿಸ್ಮಸ್‌ಗೆ ಸಿದ್ಧವಾಗುವ ಕಾಲ) ಕ್ಯಾಂಡಲ್ ಸೆಟ್ ತರಿಸಿದೆ. ಫೋಟೋದಲ್ಲಿ ಮೂರು ನೇರಳೆ, ಒಂದು ಗುಲಾಬಿ, ಒಂದು ಬಿಳಿ ಇತ್ತು. ಡಬ್ಬ ಬಿಚ್ಚಿದರೆ ಎರಡು ನೇರಳೆ, ಎರಡು ಗುಲಾಬಿ! ಫೋನ್ ಮಾಡಿದೆ. "ಜೋಡಿ ಜೋಡಿ ಇದ್ರೆ ಟೇಬಲ್ ಮೇಲೆ ಚೆನ್ನಾಗಿ ಕಾಣುತ್ತೆ ಅಲ್ವಾ ಮೇಡಂ" ಅಂದ ಆ ಕಡೆಯ ಹುಡುಗ.

ಪಾಪ, ಅವನಿಗೇನು ಗೊತ್ತು. ಇಲ್ಲಿ ಬಣ್ಣ ಇರುವುದು ಚಂದಕ್ಕಲ್ಲ, ಲೆಕ್ಕಕ್ಕೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದು ಬತ್ತಿ ಸೇರಿಸಿ ಹಚ್ಚುತ್ತಾ ಹೋಗುತ್ತೇವೆ. ನೇರಳೆ ಪಶ್ಚಾತ್ತಾಪದ ಬಣ್ಣ. ಮನೆ ಗುಡಿಸಿದ ಹಾಗೆ ಮನಸ್ಸನ್ನೂ ಗುಡಿಸಿಕೊಳ್ಳುವ ದಿನಗಳು. ಮೂರನೇ ಭಾನುವಾರ ಮಾತ್ರ ಗುಲಾಬಿ. ಅವತ್ತಿಗೆ ಗೌದೆತೆ ಎಂದು ಹೆಸರು, ಲ್ಯಾಟಿನ್‌ನಲ್ಲಿ 'ಸಂತೋಷಪಡಿ' ಅಂತ ಅರ್ಥ. ಅರ್ಧ ದಾರಿ ದಾಟಿಯಾಯಿತು, ಇನ್ನೇನು ಹಬ್ಬ ಬಂತು! ಚರ್ಚಿನಲ್ಲಿ ಫಾದರ್ ಗುಲಾಬಿ ಬಣ್ಣದ ಪೂಜಾವಸ್ತ್ರ ಹಾಕಬಹುದಾದ ಭಾನುವಾರ ವರ್ಷಕ್ಕೆ ಎರಡೇ. ಇದೊಂದು, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ನಾಲ್ಕನೆಯದು ಇನ್ನೊಂದು. ನಡುವಿನ ಬಿಳಿ ಬತ್ತಿ ಕ್ರಿಸ್ತನದು. ಅದನ್ನು 24ರ ರಾತ್ರಿ ಹಚ್ಚುತ್ತೇವೆ.

ಎಲ್ಲ ಕಡೆ ಇದೇ ಬಣ್ಣ ಅಂತಲೂ ಇಲ್ಲ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ವಿಖರ್ನ್ ಎಂಬುವರು ಗಾಡಿ ಚಕ್ರದ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ 20 ಸಣ್ಣ ಕೆಂಪು ಬತ್ತಿ ಇಟ್ಟಿದ್ದರು. ಕ್ರಿಸ್ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ತಲೆ ತಿನ್ನುತ್ತಿದ್ದರಂತೆ! ಜರ್ಮನಿಯ ಎಷ್ಟೋ ಮನೆಗಳಲ್ಲಿ ಈಗಲೂ ನಾಲ್ಕೂ ಕೆಂಪೇ.

ಸೆಟ್ ವಿಷಯಕ್ಕೆ ಬರುತ್ತೇನೆ. ಗಲಾಟೆ ಮಾಡಿದ ಮೇಲೆ ಬದಲಿ ಡಬ್ಬ ಬಂತು, ನವೆಂಬರ್ 30ರ ಮೊದಲ ಭಾನುವಾರಕ್ಕೆ ಎರಡೇ ದಿನ ಇರುವಾಗ. ಈ ಸಲ ಲೆಕ್ಕ ಸರಿ. ಆದರೆ ಗುಲಾಬಿ ಅಂದರೆ ತಿಳಿ ಗುಲಾಬಿಯಲ್ಲ, ಕಣ್ಣಿಗೆ ಹೊಡೆಯುವ ರಾಣಿ ಪಿಂಕ್. "ಜಾತ್ರೆ ಬಳೆ ಬಣ್ಣ" ಅಂದರು ಅಮ್ಮ. ನೇರಳೆ ಮಾತ್ರ ಒಳ್ಳೆ ಗಾಢವಾಗಿದೆ. ಆದರೆ ಜಾಸ್ತಿ ಸೋರುತ್ತದೆ. ಲೇಸ್ ಬಟ್ಟೆ ಮೇಲೆ ಬಿದ್ದ ಮೇಣವನ್ನು ಪೇಪರ್ ಇಟ್ಟು ಇಸ್ತ್ರಿ ಮಾಡಿ ತೆಗೆದೆ, ಕಲೆ ಹೋಗಲೇ ಇಲ್ಲ. ಕೆಳಗೆ ಸ್ಟೀಲ್ ತಟ್ಟೆ ಇಡಿ. ಬತ್ತಿಗಳ ಸುತ್ತ ಇಡುವ ಪ್ಲಾಸ್ಟಿಕ್ ಎಲೆಯ ಚಕ್ರ ಸುಮ್ನೆ ದಂಡ. ಅದರ ಬದಲು ನಾನು ಸರ್ವೆ ಸೊಪ್ಪು ಕಟ್ಟಿದೆ.

ಉರಿಯುವುದು ಚೆನ್ನಾಗಿ ಉರಿಯುತ್ತದೆ. ದಿನಾ ಊಟದ ಹೊತ್ತಿಗೆ ಕಾಲು ಗಂಟೆ ಹಚ್ಚಿದೆವು. ಡಿಸೆಂಬರ್ 21ಕ್ಕೆ ಮೊದಲ ಬತ್ತಿ ತೀರಾ ಗಿಡ್ಡ, ನಾಲ್ಕನೆಯದು ಹೊಸದು, ಮೆಟ್ಟಿಲಿನ ಹಾಗೆ. ನನಗೆ ಅದೇ ಇಷ್ಟ.

ಐದಕ್ಕೆ ಮೂರು ಸ್ಟಾರ್. ಈ ವರ್ಷ ಅಮ್ಮ ಮೊದಲು ಮಾಡುತ್ತಿದ್ದ ಹಾಗೆ ಬಿಳಿ ಬತ್ತಿಗೇ ಬಣ್ಣದ ರಿಬ್ಬನ್ ಕಟ್ಟುತ್ತೇನೆ. ಮೊದಲ ಡಬ್ಬವನ್ನು ಅವರು ವಾಪಸ್ ಕೇಳಲಿಲ್ಲ. ಅದರ ಗುಲಾಬಿ ಬತ್ತಿಯೊಂದು ಮೊನ್ನೆ ಕರೆಂಟ್ ಹೋದಾಗ ಅಡುಗೆಮನೆಯಲ್ಲಿ ಉರಿಯಿತು.