ಕ್ವಿಕ್‌ಫ್ಯಾಕ್ಟ್ಸ್‌ನಲ್ಲಿ ಚೆರಿ ಕೌಂಟಿ: ಲೆಕ್ಕ ಸರಿ ಇದೆ, ಊರು ಮಾತ್ರ ಕಾಣುವುದಿಲ್ಲ

ನನ್ನ ತಂಗಿ ಡಾಕ್ಟರು. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿದವಳು. ಈಗ ಜೆ-1 ವೀಸಾದ ಮೇಲೆ ಅಮೆರಿಕದಲ್ಲಿ ರೆಸಿಡೆನ್ಸಿಯ, ಅಂದರೆ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿಯ, ಕೊನೆಯ ವರ್ಷದಲ್ಲಿದ್ದಾಳೆ. ಈ ವೀಸಾದಲ್ಲಿ ಬಂದ ಡಾಕ್ಟರುಗಳು ತರಬೇತಿ ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶಕ್ಕೆ ಹೋಗಿ ಇರಬೇಕು. ಅದು ಬೇಡ ಅಂದರೆ ಡಾಕ್ಟರುಗಳ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಬೇಕು. ಕಾನ್ರಾಡ್ 30 ಅಂತಾರೆ ಇದಕ್ಕೆ, ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ಇಲ್ಲಿರುವ ನಮ್ಮ ಕಡೆಯ ಡಾಕ್ಟರುಗಳಿಗೆ ಈ ಹೆಸರು ಗೊತ್ತೇ ಇರುತ್ತದೆ.

ಹಾಗಾಗಿ ಅವಳ ಕೈಗೆ ಹಳ್ಳಿಗಾಡಿನ ಕೌಂಟಿಗಳ (ನಮ್ಮ ಜಿಲ್ಲೆ ಇದ್ದ ಹಾಗೆ) ಒಂದು ಪಟ್ಟಿ ಬಂತು. ಕೆಲಸ ಕೊಡಿಸುವ ಏಜೆಂಟ್ ಒಬ್ಬರು ಒಂದೊಂದು ಊರಿಗೂ ಒಂದು ಬಣ್ಣದ ಹಾಳೆ ಕಳಿಸಿದ್ದರು. ಎಲ್ಲದರಲ್ಲೂ ಸೂರ್ಯಾಸ್ತದ ಫೋಟೋ, ಎಲ್ಲದರಲ್ಲೂ "ಪ್ರೀತಿಯ ಜನ, ಶಾಂತ ಜೀವನ". ಎಷ್ಟು ಜನ ಇದ್ದಾರೆ, ಎಂಥ ಜನ, ಎಷ್ಟು ದೂರ ಅನ್ನುವುದು ಒಂದರಲ್ಲೂ ಇಲ್ಲ. ನನಗೆ ಬೇಜಾರಾಯಿತು. ಮೂರು ವರ್ಷ ಬಾಳಬೇಕಾದವಳಿಗೆ ಫೋಟೋ ತೋರಿಸಿದರೆ ಸಾಕಾ? "ಅಣ್ಣಾ, ನೀನು ಒಮಾಹಾದಲ್ಲೇ ಇದೀಯಲ್ಲ, ನೆಬ್ರಾಸ್ಕಾದ ಊರುಗಳನ್ನು ನೀನೇ ನೋಡಿ ಹೇಳು" ಅಂದಳು. ನಾನು ತೆರೆದದ್ದು ಅಮೆರಿಕದ ಜನಗಣತಿ ಇಲಾಖೆಯ, ಅಂದರೆ ಸೆನ್ಸಸ್ ಬ್ಯೂರೋದ, ಜಾಲತಾಣ ಕ್ವಿಕ್‌ಫ್ಯಾಕ್ಟ್ಸ್. ಅದರಲ್ಲಿ ಮೊದಲು ನೋಡಿದ್ದು ಚೆರಿ ಕೌಂಟಿ. ಎರಡು ವಾರ ಇದರಲ್ಲೇ ಕೂತಿದ್ದೆ, ಅದಕ್ಕೇ ಈ ರಿವ್ಯೂ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಯಾಕೆ ಹೋಯಿತು ಅನ್ನುವುದೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವ ವಿಷಯ.

ಮೊದಲು ಒಳ್ಳೆಯದು. ದುಡ್ಡಿಲ್ಲ, ಲಾಗಿನ್ ಇಲ್ಲ. ಕೌಂಟಿ ಹೆಸರು ಟೈಪ್ ಮಾಡಿದರೆ ಒಂದೇ ಟೇಬಲ್ ಬರುತ್ತದೆ: ಜನಸಂಖ್ಯೆ, ವಯಸ್ಸು, ಜನಾಂಗ, ಮನೆಗಳು, ಓದು, ಆರೋಗ್ಯ ವಿಮೆ, ಆದಾಯ, ಬಡತನ, ವ್ಯಾಪಾರ, ಕೊನೆಗೆ ಭೂಗೋಳ. ಒಟ್ಟಿಗೆ ಆರು ಜಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ನನಗೆ ನಿಜವಾಗಿ ಇಷ್ಟವಾದದ್ದು ಇನ್ನೊಂದು. 2020ರ ಗಣತಿಯಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಂದು ಕೋಟಿ ಜನ, ಚೆರಿಯಲ್ಲಿ 5,455. ಇಬ್ಬರಿಗೂ ಅದೇ ಟೇಬಲ್, ಅವೇ ಸಾಲುಗಳು. ಐದು ಸಾವಿರ ಜನರ ಜಾಗ ಅಂತ ಯಾರೂ ಅರ್ಧಕ್ಕೆ ಬಿಟ್ಟಿಲ್ಲ. ಹಳ್ಳಿಗಾಡಿನ ಬಗ್ಗೆ ಮಾಹಿತಿ ಹುಡುಕಿ ಸುಸ್ತಾದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಈಗ ಆ ಭೂಗೋಳದ ಭಾಗಕ್ಕೆ ಬನ್ನಿ. ಅಲ್ಲಿ ಸಿಗುವುದು ಚದರ ಮೈಲಿಗೆ ಎಷ್ಟು ಜನ, ನೆಲ ಎಷ್ಟು ಚದರ ಮೈಲಿ, ಮತ್ತೆ ಕೌಂಟಿಯ ಕೋಡ್ ನಂಬರು. ಚೆರಿಯದು 31031. ಅಷ್ಟೇ. ನೆಲ ಸುಮಾರು 5,960 ಚದರ ಮೈಲಿ, ಚದರ ಮೈಲಿಗೆ 0.9 ಜನ. ನಮ್ಮ ಲೆಕ್ಕದಲ್ಲಿ 15,000 ಚದರ ಕಿಲೋಮೀಟರಿಗೂ ಜಾಸ್ತಿ, ಅಂದರೆ ಇಡೀ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಕನೆಕ್ಟಿಕಟ್ ರಾಜ್ಯಕ್ಕಿಂತಲೂ ದೊಡ್ಡದು. ಆ 0.9 ನೋಡಿ ನನ್ನ ತಂಗಿ "ಅಂದರೆ ಪ್ರತಿ ಮೈಲಿಗೂ ಒಂದು ಮನೆ ಇರುತ್ತಾ?" ಅಂತ ಕೇಳಿದಳು. ಇಲ್ಲ ಕಣೇ, ಹಾಗಲ್ಲ.

ಕೌಂಟಿಯ ಮುಖ್ಯ ಊರು ವ್ಯಾಲೆಂಟೈನ್. ಆಸ್ಪತ್ರೆ, ಕೋರ್ಟು, ದೊಡ್ಡ ಅಂಗಡಿ ಎಲ್ಲ ಅಲ್ಲೇ. 2020ರಲ್ಲಿ ಆ ಊರಿನಲ್ಲಿ 2,633 ಜನ. ಹತ್ತಿರ ಹತ್ತಿರ ಅರ್ಧ ಕೌಂಟಿ ಒಂದೇ ಊರಿನಲ್ಲಿ ಕೂತಿದೆ. ಉಳಿದ 2,800 ಚಿಲ್ಲರೆ ಜನ ಬಾಕಿ ನೆಲದಲ್ಲೆಲ್ಲ ಹರಡಿಕೊಂಡಿದ್ದಾರೆ, ಅಲ್ಲಿ ಲೆಕ್ಕ ಹಾಕಿದರೆ ಎರಡು ಚದರ ಮೈಲಿಗೆ ಒಬ್ಬರೂ ಸರಿಯಾಗಿ ಬರುವುದಿಲ್ಲ. ಆ 0.9 ಊರಿನೊಳಗೂ ನಿಜವಲ್ಲ, ಊರಾಚೆಯೂ ನಿಜವಲ್ಲ. ಆದರೆ ಇದನ್ನು ಕ್ವಿಕ್‌ಫ್ಯಾಕ್ಟ್ಸ್‌ನಲ್ಲಿ ನೋಡೋಣ ಅಂದರೆ ವ್ಯಾಲೆಂಟೈನ್‌ಗೆ ಅಲ್ಲಿ ಪುಟವೇ ಇಲ್ಲ! ರಾಜ್ಯಗಳೆಲ್ಲ ಇವೆ, ಕೌಂಟಿಗಳೆಲ್ಲ ಇವೆ, ಊರುಗಳು ಮಾತ್ರ 5,000 ಜನರ ಮೇಲೆ ಇದ್ದರಷ್ಟೇ. ಹಳ್ಳಿಗಾಡಿನ ಕೌಂಟಿಗಳಲ್ಲಿ ಮುಖ್ಯ ಊರೇ ಈ ಗೆರೆಯ ಕೆಳಗೆ ಬೀಳುವುದು ಸಾಮಾನ್ಯ. ನಿಮಗೆ ಬೇಕಾದದ್ದು ಆ ಊರೇ, ಅಲ್ವಾ? ಮನೆ ಹಿಡಿಯುವುದು ಅಲ್ಲೇ ತಾನೇ. ಊರಿನ ಅಂಕಿ ಬೇಕಾದರೆ ಬ್ಯೂರೋದ ಇನ್ನೊಂದು ಜಾಲತಾಣ ಇದೆ, ಡೇಟಾ ಡಾಟ್ ಸೆನ್ಸಸ್ ಡಾಟ್ ಗವ್. ಅಲ್ಲಿ ಸಣ್ಣ ಹಳ್ಳಿಯದೂ ಸಿಗುತ್ತದೆ. ಬಳಸಲು ಸ್ವಲ್ಪ ತಾಳ್ಮೆ ಬೇಕು, ಆದರೆ ಬಿಡಬೇಡಿ.

ನಾನು ಹೋದ ಬೇಸಿಗೆಯಲ್ಲಿ ಈ ಕಡೆ ಹೋಗಿದ್ದೆ. ಒಮಾಹಾದಿಂದ ಸುಮಾರು 300 ಮೈಲಿ, ಐದು ಗಂಟೆ ಡ್ರೈವ್. ದಾರಿಯಲ್ಲಿ ಜೋಳದ ಹೊಲಗಳು ಮುಗಿದು ಒಂದು ಕಡೆ ಸ್ಯಾಂಡ್‌ಹಿಲ್ಸ್ ಶುರುವಾಗುತ್ತದೆ. ಮರಳಿನ ದಿಬ್ಬಗಳು, ಮೇಲೆ ಪೂರ್ತಿ ಹುಲ್ಲು. ಹುಲ್ಲಿನ ಬೇರೇ ಆ ಮರಳನ್ನು ಹಿಡಿದು ಕೂರಿಸಿದೆ. ನೆಬ್ರಾಸ್ಕಾದ ಕಾಲು ಭಾಗದಷ್ಟು ನೆಲ ಇದೇ. ನೇಗಿಲು ತಾಗಿದರೆ ಮರಳು ಹಾರುತ್ತದೆ, ಅದಕ್ಕೇ ಇಲ್ಲಿ ಬೇಸಾಯಕ್ಕಿಂತ ದನ ಮೇಯಿಸುವುದೇ ಬದುಕು. ಕೆಳಗೆ ಒಗಲಾಲಾ ಅನ್ನುವ ದೊಡ್ಡ ಅಂತರ್ಜಲ, ಹಾಗಾಗಿ ಮರಳಿನ ನಡುವೆಯೂ ಎಲ್ಲೆಂದರಲ್ಲಿ ಸಣ್ಣ ಸಣ್ಣ ಕೆರೆಗಳು. ವ್ಯಾಲೆಂಟೈನ್ ಪಕ್ಕದಲ್ಲಿ ನಯೊಬ್ರಾರಾ ನದಿ. 1991ರಿಂದ ಅದರ 76 ಮೈಲಿಗೆ ರಾಷ್ಟ್ರೀಯ ಸೀನಿಕ್ ನದಿ ಅಂತ ರಕ್ಷಣೆ ಇದೆ. ಆ ಕಣಿವೆಯಲ್ಲಿ ಪಶ್ಚಿಮದ ಪೈನ್ ಮರವೂ ಪೂರ್ವದ ಓಕ್ ಮರವೂ ಎದುರು ಬದುರು ನಿಂತಿರುವುದನ್ನು ದೋಣಿಯಲ್ಲಿ ಕೂತು ನೋಡಿದೆ. ನೆಬ್ರಾಸ್ಕಾದ ಅತಿ ಎತ್ತರದ ಜಲಪಾತ ಸ್ಮಿತ್ ಫಾಲ್ಸ್ ಕೂಡ ಇದೇ ಕೌಂಟಿಯಲ್ಲಿ, 63 ಅಡಿ. ಜೋಗ ಕಂಡವರಿಗೆ ಸಣ್ಣದೇ. ಆದರೆ ಐದು ಗಂಟೆ ಬಯಲು ನೋಡಿದ ಕಣ್ಣಿಗೆ ಆ ನೀರು ಬೀಳುವ ಸದ್ದು ಎಷ್ಟು ತಂಪು ಅಂತ ಹೇಳಲಾರೆ.

ಇಷ್ಟೆಲ್ಲ ಇರುವ ನೆಲಕ್ಕೆ ಪುಟದಲ್ಲಿ ಸಿಕ್ಕಿದ್ದು ಬೆರಳೆಣಿಕೆಯ ಸಾಲು.

ದನಗಳ ವಿಷಯವೂ ಹಾಗೇ. ಚೆರಿ ಕೌಂಟಿ ಮಾಂಸದ ದನಗಳಿಗೆ ಇಡೀ ಅಮೆರಿಕದಲ್ಲೇ ಹೆಸರುವಾಸಿ. 2012ರ ಕೃಷಿ ಗಣತಿಯಲ್ಲಿ ಇಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹಸುಗಳಿದ್ದವು. ಒಬ್ಬ ಮನುಷ್ಯನಿಗೆ ಇಪ್ಪತ್ತೈದು ಹಸುವಿನ ಮೇಲಾಯಿತು. ಕ್ವಿಕ್‌ಫ್ಯಾಕ್ಟ್ಸ್ ಇದನ್ನು ತೋರಿಸುವುದಿಲ್ಲ, ಯಾಕೆಂದರೆ ಕೃಷಿ ಗಣತಿ ಮಾಡುವುದು ಕೃಷಿ ಇಲಾಖೆ, ಐದು ವರ್ಷಕ್ಕೊಮ್ಮೆ. ಹಳ್ಳಿಗಾಡಿನ ಕೌಂಟಿ ನೋಡುವವರು ಎರಡನ್ನೂ ಒಟ್ಟಿಗೆ ತೆರೆದುಕೊಳ್ಳಿ. ಹಸು ಬಿಟ್ಟರೆ ಚೆರಿಯ ಕಥೆ ಅರ್ಧವೂ ಅಲ್ಲ.

ಕೆಲಸಕ್ಕೆ ಹೋಗಲು ಸರಾಸರಿ ಎಷ್ಟು ನಿಮಿಷ ಅನ್ನುವ ಸಾಲು ಇದೆ. ಇದನ್ನು ನೋಡಿ ಖುಷಿ ಪಡುವ ಮೊದಲು ತಿಳಿದುಕೊಳ್ಳಿ: ಮನೆಯಲ್ಲೇ ಕೆಲಸ ಮಾಡುವವರು ಆ ಲೆಕ್ಕದಲ್ಲಿ ಇಲ್ಲ. ರಾಂಚ್ ಅಂದರೆ ದನ ಸಾಕುವ ದೊಡ್ಡ ಜಮೀನು. ರಾಂಚ್‌ನಲ್ಲೇ ಮನೆ, ರಾಂಚ್‌ನಲ್ಲೇ ದುಡಿಮೆ ಇರುವವರು ಅದರಿಂದ ಆಚೆ ಉಳಿಯುತ್ತಾರೆ. ದೊಡ್ಡ ಅಂಗಡಿಗೆ, ದೊಡ್ಡ ಆಸ್ಪತ್ರೆಗೆ ಎಷ್ಟು ದೂರ ಅನ್ನುವುದು ಯಾವ ಸಾಲಿನಲ್ಲೂ ಇಲ್ಲ. ವ್ಯಾಲೆಂಟೈನ್‌ನಿಂದ ದಕ್ಷಿಣಕ್ಕೆ ನಾರ್ತ್ ಪ್ಲಾಟ್ ಅನ್ನುವ ಊರು 130 ಮೈಲಿ. ಹೆದ್ದಾರಿ 83ರಲ್ಲಿ ಸುಮ್ನೆ ಹೋಗುತ್ತಾ ಇರಬೇಕು, ಎರಡು ಗಂಟೆ. ಇನ್ನೊಂದು ವಿಷಯ ಅಂತೂ ಪುಟದಲ್ಲಿ ಇರಲೇಬೇಕಿತ್ತು: ಈ ಒಂದೇ ಕೌಂಟಿಯಲ್ಲಿ ಎರಡು ಟೈಮ್ ಝೋನ್! ವ್ಯಾಲೆಂಟೈನ್ ಸೆಂಟ್ರಲ್ ಟೈಮ್, ಪಶ್ಚಿಮದ ಕೋಡಿ ಮತ್ತು ಮೆರಿಮನ್ ಅನ್ನುವ ಊರುಗಳು ಒಂದು ಗಂಟೆ ಹಿಂದಿರುವ ಮೌಂಟನ್ ಟೈಮ್. ಕ್ಲಿನಿಕ್‌ನಲ್ಲಿ ಅಪಾಯಿಂಟ್‌ಮೆಂಟ್ ಕೊಡುವ ಡಾಕ್ಟರಿಗೆ ಇದು ಗೊತ್ತಿರಬೇಕು.

ಜನ ಕಮ್ಮಿಯಾಗುತ್ತಿರುವುದನ್ನು ಪುಟ ತೋರಿಸುತ್ತದೆ, ಆದರೆ ಗಣತಿಯ ಎರಡೇ ಹೆಜ್ಜೆ: 2010ರಲ್ಲಿ 5,713, 2020ರಲ್ಲಿ 5,455. ನೋಡಿದರೆ ಏನೋ ಸ್ವಲ್ಪ ಇಳಿದಿದೆ ಅನ್ನಿಸುತ್ತದೆ. ಹಳೆಯ ಗಣತಿಗಳನ್ನು ತೆಗೆದು ನೋಡಿದರೆ 1920ರಲ್ಲಿ ಇದೇ ಕೌಂಟಿಯಲ್ಲಿ 11,753 ಜನ ಇದ್ದರು. ನೂರು ವರ್ಷದಲ್ಲಿ ಅರ್ಧಕ್ಕಿಂತ ಕಮ್ಮಿ. ಯಾಕೆ? 1904ರಲ್ಲಿ ಕಿಂಕೇಡ್ ಕಾಯ್ದೆ ಬಂತು. ಬೇರೆ ಕಡೆ ಹೋಮ್‌ಸ್ಟೆಡ್ ಅಂತ, ಬಂದು ನೆಲೆಸುವವರಿಗೆ, ಸರ್ಕಾರ 160 ಎಕರೆ ಕೊಡುತ್ತಿದ್ದರೆ ಪಶ್ಚಿಮ ನೆಬ್ರಾಸ್ಕಾದಲ್ಲಿ 640 ಎಕರೆ. ಜನ ಆಸೆಯಿಂದ ಬಂದರು. ಆದರೆ ಈ ಮರಳಿನಲ್ಲಿ ಒಂದು ಸಂಸಾರ ಸಾಕಲು 640 ಎಕರೆಯೂ ಸಾಲದು ಅಂತ ಬಂದ ಮೇಲೆ ಗೊತ್ತಾಯಿತು. ಬಿಟ್ಟು ಹೋದವರ ಜಮೀನನ್ನು ಪಕ್ಕದವರು ಕೊಂಡು ಕೊಂಡು ರಾಂಚ್‌ಗಳು ದೊಡ್ಡದಾದವು, ಮನೆಗಳು ಕಮ್ಮಿಯಾದವು. ಕಪ್ಪು ಜನಾಂಗದ ರೈತರು ನಾರ್ತ್ ಲೂಪ್ ನದಿಯ ದಡದಲ್ಲಿ ಡಿವಿಟ್ಟಿ ಅಂತ ಒಂದು ಊರನ್ನೇ ಕಟ್ಟಿಕೊಂಡಿದ್ದರು. ನೆಬ್ರಾಸ್ಕಾದಲ್ಲಿ ಕಪ್ಪು ಹೋಮ್‌ಸ್ಟೆಡ್ ರೈತರ ಅತಿ ದೊಡ್ಡ ನೆಲೆ ಅದೇ. ಈಗ ಆ ಊರಿಲ್ಲ. ಈ ಪುಟದಲ್ಲಿ ಕಪ್ಪು ಜನರ ಶೇಕಡಾವಾರು ಸಾಲನ್ನು ನೋಡುವಾಗ ನನಗೆ ಅವರೇ ನೆನಪಾಗುತ್ತಾರೆ. ನೀವು ಆಸಕ್ತಿ ಇರುವವರಾದರೆ ಒಂದು ಮಾತು: ಮನೆಮನೆಯ ಗಣತಿ ಹಾಳೆಗಳನ್ನು 72 ವರ್ಷ ಆದ ಮೇಲೆ ಎಲ್ಲರಿಗೂ ತೆರೆಯುತ್ತಾರೆ. ಕೈಬರಹದ ಆ ಹಾಳೆಗಳು 1950ರವರೆಗೆ ಈಗ ನೋಡಲು ಸಿಗುತ್ತವೆ.

ಸಣ್ಣ ಕೌಂಟಿ ನೋಡುವವರಿಗೆ ಇನ್ನೊಂದು ಎಚ್ಚರಿಕೆ. ಆದಾಯ, ಓದು, ಭಾಷೆ ಇವೆಲ್ಲ ಎಲ್ಲರನ್ನೂ ಎಣಿಸಿ ಬಂದದ್ದಲ್ಲ, ಅಮೆರಿಕನ್ ಕಮ್ಯುನಿಟಿ ಸರ್ವೆ ಅನ್ನುವ ಮಾದರಿ ಸಮೀಕ್ಷೆಯಿಂದ ಬಂದದ್ದು. 65,000 ಜನರ ಮೇಲಿನ ಜಾಗಕ್ಕೆ ಪ್ರತಿ ವರ್ಷದ್ದೂ ಬೇರೆ ಅಂಕಿ ಬರುತ್ತದೆ. ಚೆರಿಯಂಥ ಕಡೆ ಐದು ವರ್ಷದ ಉತ್ತರಗಳನ್ನು ಸೇರಿಸಿ ಒಂದು ಅಂಕಿ ಮಾಡುತ್ತಾರೆ. ಐದೂವರೆ ಸಾವಿರ ಜನರಲ್ಲಿ ಶೇಕಡಾ 1 ಅಂದರೆ 55 ಜನ, ಅರ್ಧ ಪರ್ಸೆಂಟ್ ಏರುಪೇರು ಅಂದರೆ ಏಳೆಂಟು ಸಂಸಾರ. "ಹೊರದೇಶದಲ್ಲಿ ಹುಟ್ಟಿದವರು ಎಷ್ಟು ಜನ ಇದ್ದಾರೆ ನೋಡು" ಅಂತ ತಂಗಿ ಕೇಳಿದಾಗ ನಾನು ಹೇಳಿದ್ದು ಅದೇ: ಈ ಸಾಲನ್ನು ನಂಬಿ ಯಾವ ತೀರ್ಮಾನಕ್ಕೂ ಬರಬೇಡ. ಏರುಪೇರು ಎಷ್ಟು ಅಂತ ತೋರಿಸುವ ಪ್ಲಸ್ ಮೈನಸ್ ಕಾಲಂ ಆಗ ಹೇಳಿದ ಇನ್ನೊಂದು ಜಾಲತಾಣದಲ್ಲಿ ಇದೆ, ಅದನ್ನು ನೋಡಿಯೇ ಮಾತಾಡಿ. ಸಾಲದ್ದಕ್ಕೆ 2020ರ ಗಣತಿಯಲ್ಲಿ ಯಾರ ಮಾಹಿತಿಯೂ ಬಯಲಾಗಬಾರದು ಅಂತ ಅಂಕಿಗಳಲ್ಲಿ ಬೇಕೆಂದೇ ಸಣ್ಣ ವ್ಯತ್ಯಾಸ ಸೇರಿಸಿದ್ದಾರೆ. ರಾಜ್ಯದ ಒಟ್ಟು ಮೊತ್ತವನ್ನು ಮುಟ್ಟಿಲ್ಲ, ಅದರ ಕೆಳಗಿನದಕ್ಕೆ ಇದು ತಾಗುತ್ತದೆ.

ವ್ಯಾಪಾರದ ಸಾಲುಗಳಲ್ಲಿ ಕೆಲವು ಕಡೆ ಅಂಕಿ ಬದಲು ಡಿ ಅನ್ನುವ ಅಕ್ಷರ ಕಾಣಬಹುದು. ಪುಟ ಕೆಟ್ಟಿದೆ ಅಂದುಕೊಳ್ಳಬೇಡಿ. ಅಂಕಿ ಹಾಕಿದರೆ ಯಾವ ಅಂಗಡಿಯ ಲೆಕ್ಕ ಅಂತ ಗೊತ್ತಾಗಿಬಿಡುತ್ತದೆ, ಅದಕ್ಕೆ ಮುಚ್ಚಿದ್ದಾರೆ. ಝಡ್ ಇದ್ದರೆ ಸೊನ್ನೆಗಿಂತ ಜಾಸ್ತಿ, ಆದರೆ ತೋರಿಸಲು ಆಗದಷ್ಟು ಕಮ್ಮಿ ಅಂತ. ಈ ಅಕ್ಷರಗಳ ಅರ್ಥ ಪುಟದ ತಳದಲ್ಲಿದೆ. ನನ್ನ ಪ್ರಕಾರ ಅದು ಮೇಲೆಯೇ ಇರಬೇಕಿತ್ತು.

ಹೋಲಿಸಿ ನೋಡುವ ಸೌಲಭ್ಯವನ್ನು ಮಾತ್ರ ತಪ್ಪದೆ ಬಳಸಿ. ಚೆರಿಯ ಪಕ್ಕದಲ್ಲಿ ಉತ್ತರದ ಟಾಡ್ ಕೌಂಟಿಯನ್ನು ಇಡಿ. ಅದು ಸೌತ್ ಡಕೋಟಾ ರಾಜ್ಯದ್ದು, ರೋಸ್‌ಬಡ್ ಲಕೋಟಾ ಅನ್ನುವ ಮೂಲನಿವಾಸಿ ಜನರ ಮೀಸಲು ನೆಲ. 2020ರಲ್ಲಿ 9,319 ಜನ. ನೆಲ ಚೆರಿಯ ಕಾಲು ಭಾಗವೂ ಇಲ್ಲ, ಜನ ಮಾತ್ರ ಜಾಸ್ತಿ. ಮಕ್ಕಳ ಪಾಲು ಅಲ್ಲಿ ಬಹಳ ದೊಡ್ಡದು, ಬಡತನದ ಸಾಲೂ ಹಾಗೇ. ವ್ಯಾಲೆಂಟೈನ್‌ನಿಂದ ರಾಜ್ಯದ ಗಡಿ ಹತ್ತಿರವೇ. ಈ ಎರಡು ಕಾಲಂ ಅಕ್ಕಪಕ್ಕ ಬಂದಾಗ ತಂಗಿ ಫೋನಿನಲ್ಲಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಇಲ್ಲಿ ಮಕ್ಕಳ ಡಾಕ್ಟರು ಎಷ್ಟು ಜನ ಇದ್ದಾರೋ" ಅಂದಳು. ಅವಳು ಓದುತ್ತಿರುವುದೂ ಅದೇ.

ಮುಂದಿನ ತಿಂಗಳು ಅವಳಿಗೆ ಅಲ್ಲೊಂದು ಇಂಟರ್ವ್ಯೂ ಇದೆ, ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಚೆರಿ ಮತ್ತು ಟಾಡ್ ಎರಡೂ ಕಾಲಂ ಇರುವ ಪುಟವನ್ನು ಪ್ರಿಂಟ್ ತೆಗೆದಿದ್ದೇನೆ. ಹಿಂದುಗಡೆ ಪೆನ್ನಿನಲ್ಲಿ ವ್ಯಾಲೆಂಟೈನ್ 2,633, ನಾರ್ತ್ ಪ್ಲಾಟ್ 130 ಮೈಲಿ, ಕೋಡಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಅಂತ ಬರೆದುಕೊಂಡಿದ್ದೇನೆ.